ಅವ್ವ ಕೊಟ್ಟ ಫೀಡ್‌ಬ್ಯಾಕು

ನಮ್ಮದು ಕುರಿ ಕಾಯ್ದ ಮನೆತನ. ಚಂದದ ಕುರಿಯನ್ನು ಚಂದ ಅನ್ನುವ ರೂಢಿ ನಮ್ಮಲ್ಲಿಲ್ಲ. ಅಂದರೆ ದೃಷ್ಟಿ ತಾಗುತ್ತದೆ, ಇಲ್ಲವೇ ಕೊಳ್ಳುವವನು ಬೆನ್ನು ಹತ್ತುತ್ತಾನೆ. ನಾನು ಪರೀಕ್ಷೆಯಲ್ಲಿ ಶಾಲೆಗೇ ಮೊದಲು ಬಂದಾಗ ಅವ್ವ ಓಣಿ ತುಂಬ, "ಬಾಜೂಕಿನಾಕಿದು ನೋಡಿ ಬರದಾಳ" ಎಂದು ಸಾರಿಕೊಂಡು ಬಂದಿದ್ದಳು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಹೋದ ವರ್ಷ ಅವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಆಪರೇಷನ್ ಆದ ಮೇಲೆ ಅಕ್ಕಲಕೋಟೆಯ ನನ್ನ ಮನೆಗೆ ಕರೆತಂದೆ. ನಾನು ಹಗಲೆಲ್ಲ ಶಾಲೆಯಲ್ಲಿ ಪಾಠ ಹೇಳುವವಳು. ಹಾಗಾಗಿ ಸೊಲ್ಲಾಪುರದ ಏಜೆನ್ಸಿಯೊಂದು ಆರೈಕೆಗೆ ಒಬ್ಬ ಹೆಂಗಸನ್ನು ಕಳಿಸಿತು. ನಲವತ್ತು ದಾಟಿದಾಕೆ, ವಳಸಂಗದಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ನಾವು ಆಕೆಯನ್ನು ಮರಾಠಿಯವರಂತೆ ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆವು.

ಮಾವಶಿ ಗಾಲಿಕುರ್ಚಿಯ ಎರಡೂ ಬ್ರೇಕ್ ಹಾಕಿ, ಅಲುಗಾಡಿಸಿ ನೋಡಿ, ಅವ್ವನ ಸೊಂಟಕ್ಕೆ ಪಟ್ಟಿ ಬಿಗಿಯುತ್ತಿದ್ದಳು. "ಆಯಿ, ನೀವ ಹೂಂ ಅಂದ ಮ್ಯಾಲ ಎತ್ತತೀನ್ರಿ" ಅನ್ನುತ್ತಿದ್ದಳು. ಹೂಂ ಅನ್ನುವತನಕ ಕೈ ಹಚ್ಚುತ್ತಿರಲಿಲ್ಲ. ಕೆಲವು ದಿನ ಅವ್ವನಿಗೆ ಹೂಂ ಅನ್ನಲು ಐದು ನಿಮಿಷ ಬೇಕಾಗುತ್ತಿತ್ತು. ಬೇಕಂತಲೇ.

ತಿಂಗಳಿಗೊಮ್ಮೆ ಏಜೆನ್ಸಿಯ ಮೇಡಮ್ ಫೋನ್ ಮಾಡಿ, ಮಾವಶಿ ಹೇಗೆ ನೋಡಿಕೊಳ್ಳುತ್ತಾಳೆಂದು ನೇರ ಅವ್ವನನ್ನೇ ಕೇಳುತ್ತಿದ್ದರು. ಚೆನ್ನಾಗಿ ಕೆಲಸ ಮಾಡುವವರನ್ನು ಹೆಚ್ಚು ಕಷ್ಟದ ಪೇಶಂಟುಗಳ ಮನೆಗೆ ಕಳಿಸುತ್ತೇವೆ ಎಂದು ಆಕೆ ಮೊದಲ ದಿನವೇ ಬಾಯಿಬಿಟ್ಟಿದ್ದರು. ಅವ್ವ ಅದನ್ನು ಮರೆಯಲಿಲ್ಲ. ಮೊದಲ ತಿಂಗಳು, "ಭಾಳ ಮೈಗಳ್ಳಿ ಅದಾಳ್ರಿ" ಅಂದಳು. ಎರಡನೇ ತಿಂಗಳು, "ಮಾತ ಕೇಳಂಗಿಲ್ರಿ" ಅಂದಳು. ಮೂರನೇ ತಿಂಗಳು ಹುರುಪು ಹೆಚ್ಚಾಗಿ, "ಎತ್ತಾಕ ಹೋಗಿ ಕೈ ಬಿಟ್ಟಳ್ರಿ, ಬಿದ್ದ ಬಿಡತಿದ್ನಿ" ಅಂದಳು. ಫೋನಿಟ್ಟು ನನಗೆ ಕಣ್ಣು ಹೊಡೆದಳು.

"ಇನ್ನ ಯಾರ ಒಯ್ತಾರ ಆಕೀನ್ನ?"

ನಾನೂ ನಕ್ಕೆ. ಆ ಪಾಪದಲ್ಲಿ ನನ್ನದೂ ಪಾಲಿದೆ.

ಮರುದಿನ ಮೇಡಮ್ ಖುದ್ದಾಗಿ ಬಂದರು. ಪೇಶಂಟನ್ನು ಬೀಳಿಸುವವರನ್ನು ಇಟ್ಟುಕೊಳ್ಳಲು ಆಗುವುದಿಲ್ಲ, ಮಾವಶಿಯನ್ನು ಇವತ್ತೇ ಕೆಲಸದಿಂದ ತೆಗೆಯುತ್ತೇವೆ ಎಂದರು. ಇಂಥ ಹೆಸರು ಹತ್ತಿದರೆ ಸೊಲ್ಲಾಪುರದಲ್ಲಿ ಮತ್ತ್ಯಾರೂ ಆಕೆಗೆ ಕೆಲಸ ಕೊಡುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು.

ಮಾವಶಿ ಅವ್ವನ ಮುಖ ನೋಡಿದಳು. "ಆಯಿ, ನಾ ಯಾವಾಗ ಕೈ ಬಿಟ್ನಿರಿ?"

ನಾಚಿಕೆಯಿಂದ ನನ್ನ ತಲೆ ಮೇಲೇಳಲಿಲ್ಲ. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಯಾರನ್ನೂ ಹೊಗಳಿ ಅಭ್ಯಾಸವಿಲ್ಲದ ಬಾಯಿ ಅದು.

"ಸುಳ್ಳ ಹೇಳೀನ್ರಿ ಮೇಡಮ್. ಚಲೋ ಅಂದರ ನೀವು ಒಯ್ತೀರಿ ಅಂತ ಹೇಳೀನಿ. ಈಕಿ ಎತ್ತಿದರ ನನಗ ಅಂಜಿಕಿ ಬರಂಗಿಲ್ಲ. ನನ್ನ ಮಗಳು ಎತ್ತಿದರ ಬೀರೋಬಾ ದೇವರ ನೆನಪಾಗತಾನ."

ನನಗೆ ಚುರುಕ್ಕೆಂದಿತು. ಆದರೆ ಸುಳ್ಳಲ್ಲ. ಮಾವಶಿ ಅಳುತ್ತಲೇ ನಕ್ಕಳು.

ಮೇಡಮ್ ಮಾತ್ರ ನಗಲಿಲ್ಲ. ತಮ್ಮ ಎದುರಿಗೇ ಎತ್ತಿ ತೋರಿಸಲು ಹೇಳಿದರು. ಮಾವಶಿ ಬ್ರೇಕ್ ಹಾಕಿದಳು, ಪಟ್ಟಿ ಬಿಗಿದಳು, ಕಾದಳು. ಆವತ್ತು ಅವ್ವ ತಕ್ಷಣ ಹೂಂ ಅಂದಳು. ಮೇಡಮ್ ಫೈಲಿನಲ್ಲಿದ್ದ ದೂರನ್ನು ಹೊಡೆದು ಹಾಕಿದರು. ಆಮೇಲೆ, ಸೊಲ್ಲಾಪುರದಲ್ಲಿ ಲಕ್ವಾ ಹೊಡೆದ ಪೇಶಂಟ್ ಒಬ್ಬರಿದ್ದಾರೆ, ಮುಂದಿನ ವಾರದಿಂದ ಮಾವಶಿ ಅಲ್ಲಿಗೇ ಹೋಗಬೇಕು ಎಂದರು.

"ನೋಡಿದೇನ?" ಎಂದು ಅವ್ವ ನನ್ನತ್ತ ತಿರುಗಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಅಳು ಬಂತು.

ಮಾವಶಿಯ ಬದಲು ಬಂದ ಹೊಸಬಳ ಮಾತು ಬಲು ನಯ. ಬ್ರೇಕ್ ಹಾಕುವುದು ಮಾತ್ರ ನೆನಪಾಗುತ್ತಿರಲಿಲ್ಲ. ಎರಡು ಸಲ ಕುರ್ಚಿ ಹಿಂದೆ ಸರಿದು ಅವ್ವನ ಜೀವ ಬಾಯಿಗೆ ಬಂದಿತ್ತು. ಹೊಸಬಳು ಹೇಗಿದ್ದಾಳೆಂದು ಕೇಳಲು ನಾಲ್ಕನೇ ದಿನವೇ ಮೇಡಮ್ ಫೋನ್ ಬಂತು. ಅವ್ವ ಹಿಂದೆಮುಂದೆ ನೋಡಲಿಲ್ಲ.

"ಇಂಥಾ ಚಲೋ ಹೆಣಮಗಳನ್ನ ನಾ ಎಲ್ಲೂ ನೋಡಿಲ್ರಿ. ಬಂಗಾರದಂಥಾಕಿ. ಇವತ್ತ ಒಯ್ರಿ."

ನಾನು ಫೋನ್ ಕಸಿದುಕೊಂಡು ಬ್ರೇಕಿನ ವಿಷಯ ಇದ್ದದ್ದು ಇದ್ದಂತೆ ಹೇಳಿದೆ. ನಾಳೆಯೇ ಬಂದು ನೋಡುವುದಾಗಿ ಮೇಡಮ್ ಹೇಳಿದರು. ಫೋನಿಟ್ಟು ತಿರುಗಿದರೆ ಅವ್ವ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು.

"ನಾನೂ ಅದನ್ನ ಹೇಳಾಕತ್ತಿದ್ನಲ್ಲ!"