ಮುಗಿಯದ ಲೆಕ್ಕದ ವರ

‘ಲೆಕ್ಕ ಮುಗೀತೇನ್ರಿ?’ ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಅಡುಗೆ ಮುಗಿಯುತ್ತದೆ, ಬಿತ್ತನೆ ಮುಗಿಯುತ್ತದೆ, ನಾರಾಯಣಪೇಟೆಯಿಂದ ಮಕ್ತಲ್‌ಗೆ ಹೋಗುವ ಬಸ್ಸಿನ ಪ್ರಯಾಣವೂ ಹೇಗೋ ಮುಗಿಯುತ್ತದೆ. ಆದರೆ ಜಗತ್ತಿನಲ್ಲಿ ಯಾರಿಗೂ ಬಗೆಹರಿಯದ ಪ್ರಶ್ನೆಯನ್ನು ಹಿಡಿದು ಕೂತವನನ್ನು ಹೀಗೆ ಕೇಳುವುದು ಎಲ್ಲಿಯ ನ್ಯಾಯ, ನೀವೇ ಹೇಳಿ.

ನಾನು ನಾರಾಯಣಪೇಟೆಯ ಕಾಲೇಜೊಂದರಲ್ಲಿ ಗಣಿತದ ಮೇಷ್ಟರು. ನನ್ನ ಸಂಶೋಧನೆ ಸ್ಥಿರಬಿಂದುಗಳ ಮೇಲೆ. ಹೆದರಬೇಡಿ. ಅಂಗಳದಲ್ಲಿ ಒಂದು ಸೀರೆ ಹಾಸಿ. ಎಳೆಯದೆ, ಹರಿಯದೆ, ಮನಸ್ಸಿಗೆ ಬಂದಂತೆ ಮಡಿಚಿ, ಮೊದಲು ಹಾಸಿದ್ದ ಜಾಗದೊಳಗೇ ಎಲ್ಲಾದರೂ ಇಡಿ. ಈಗ ಯಾವ ಎರಡು ಚುಕ್ಕೆಗಳೂ ಮೊದಲಿಗಿಂತ ದೂರವಾಗಿರುವುದಿಲ್ಲ. ಇದಕ್ಕೆ ನಾನು ಹಿಗ್ಗಿಸದ ಚಿತ್ರಣ ಎನ್ನುತ್ತೇನೆ. ಪದರ ಮೇಲೆ ಕೆಳಗಾದದ್ದನ್ನು ಬಿಟ್ಟರೆ, ಒಂದು ಚುಕ್ಕೆಯಾದರೂ ಮೊದಲಿದ್ದ ಜಾಗದಲ್ಲೇ ಇದ್ದೇ ಇರುತ್ತದೆ. ಅದೇ ಸ್ಥಿರಬಿಂದು. ಸೀರೆಗೆ ಉದ್ದ, ಅಗಲ ಎಂದು ಎರಡೇ ದಿಕ್ಕು, ಆದ್ದರಿಂದ ಬಚಾವ್. ಗಣಿತದಲ್ಲಿ ದಿಕ್ಕುಗಳಿಗೆ ಕೊನೆಯೇ ಇಲ್ಲದ ಜಾಗಗಳಿವೆ. ಕೆಲವುಗಳಲ್ಲಿ ಆ ಚುಕ್ಕೆ ಸಿಕ್ಕೇ ಸಿಗುತ್ತದೆ, ಕೆಲವುಗಳಲ್ಲಿ ಸಿಗದೇ ಹೋಗಬಹುದು, ಇನ್ನು ಕೆಲವುಗಳ ಸುದ್ದಿ ಯಾರಿಗೂ ಗೊತ್ತಿಲ್ಲ. ಆ ಯಾರಿಗೂ ಗೊತ್ತಿಲ್ಲದ ಮೂಲೆಯಲ್ಲಿ ನನ್ನ ಠಿಕಾಣಿ.

ತೆಲಂಗಾಣ ರಾಜ್ಯವಾದ ವರ್ಷ ನನ್ನ ಮದುವೆಯ ಮಾತು ಬಂತು. ಹುಡುಗಿ ಶರಣಮ್ಮ, ಮಕ್ತಲ್‌ನ ಶೇಂಗಾ ವ್ಯಾಪಾರಿ ವೀರಭದ್ರಪ್ಪನವರ ಮಗಳು. ಅವರ ಮನೆಗೆ ಹೋಗಿ ನೋಡಿದ ಕೂಡಲೇ ನನಗೆ ಮನಸ್ಸಾಯಿತು. ಆಕೆಗೂ ಆದಂತಿತ್ತು, ಯಾಕೆಂದರೆ ಒಗ್ಗರಣೆ ಮಂಡಕ್ಕಿಯ ಜೊತೆ ಎಲ್ಲರಿಗಿಂತ ನನ್ನ ತಟ್ಟೆಗೆ ಮಿರ್ಚಿ ಬಜ್ಜಿ ಹೆಚ್ಚು ಬಿದ್ದಿದ್ದವು. ಎಲೆ-ಅಡಿಕೆ ಹಿಡಿದು ಮಾತು ಗಟ್ಟಿ ಮಾಡುವುದೊಂದೇ ಬಾಕಿ. ಅಷ್ಟರಲ್ಲಿ ನನ್ನ ಸೋದರಮಾವ ಅಭಿಮಾನ ತಡೆಯಲಾರದೆ ಬಾಯಿ ಬಿಟ್ಟ.

“ನಮ್ಮ ಹುಡುಗ ಯಾರಿಗೂ ಬಗೆಹರಿಯದ ಲೆಕ್ಕ ಮಾಡಾಕತ್ಯಾನ್ರಿ. ಭಾಳ ವರ್ಷ ಆತು!”

ವೀರಭದ್ರಪ್ಪನವರು ಎಲೆ-ಅಡಿಕೆಯ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. “ಅರವತ್ತು ವರ್ಷ ಹೋರಾಡಿದ ತೆಲಂಗಾಣನ ಬಂತು, ನಿಮ್ಮದೊಂದು ಲೆಕ್ಕ ಬಿಡಸಾಕ ಆಗಲಿಲ್ಲೇನ್ರಿ ಮಾಸ್ತರ? ಹಿಡಿದ ಕೆಲಸ ಮುಗಿಸದವ್ರಿಗೆ ನಾ ಮಗಳನ್ನ ಕೊಡಂಗಿಲ್ಲ. ಲೆಕ್ಕ ಮುಗಸ್ರಿ, ಮರುದಿನನ ಮದುವಿ.”

ಎಂಥ ಹೋಲಿಕೆ! ರಾಜ್ಯಕ್ಕಾಗಿ ಧರಣಿ ನಡೆಯಿತು, ಬಂದ್ ನಡೆಯಿತು, ರಸ್ತೆಯಲ್ಲೇ ಒಲೆ ಹೂಡಿ ಅಡುಗೆ ಮಾಡಿದರು. ಸ್ಥಿರಬಿಂದುವಿಗಾಗಿ ನಾನು ಯಾವ ರಸ್ತೆ ತಡೆಯಲಿ? ದಿಲ್ಲಿಯಲ್ಲಿ ಯಾರು ಸಹಿ ಹಾಕಿದರೆ ಅದು ಮಂಜೂರಾಗುತ್ತದೆ? ಹಾಗೆ ನೋಡಿದರೆ ಗಡಿನಾಡಿನ ನಮ್ಮ ಮಂದಿಗೆ ಈ ಪ್ರಶ್ನೆ ಬೇಗ ತಿಳಿಯಬೇಕಿತ್ತು. ನಮ್ಮಜ್ಜ ಹುಟ್ಟಿದ್ದು ನಿಜಾಮರ ರಾಜ್ಯದಲ್ಲಿ, ತೀರಿಕೊಂಡದ್ದು ಆಂಧ್ರಪ್ರದೇಶದಲ್ಲಿ, ನಾನು ವರನಾಗಿ ಹೊರಟದ್ದು ತೆಲಂಗಾಣದಿಂದ. ಎಲ್ಲವೂ ಆದದ್ದು ಒಂದೇ ಮನೆಯಲ್ಲಿ. ನಕ್ಷೆ ಇಷ್ಟು ಸಲ ಮಡಿಚಿಕೊಂಡರೂ ಹೊಸ್ತಿಲು ಕದಲಲಿಲ್ಲವಲ್ಲ ಎಂದು ಒಬ್ಬರಾದರೂ ಬೆರಗಾದರೇ? ಇಲ್ಲ. ಬೆರಗಾದದ್ದು ನನ್ನ ಸೋಮಾರಿತನಕ್ಕೆ.

ಉತ್ತರ ಗೊತ್ತಿಲ್ಲ ಎಂದು ಗಟ್ಟಿಯಾಗಿ ಹೇಳುವುದಕ್ಕೂ ಎಷ್ಟು ಕಲಿಯಬೇಕು ಎಂದು ಬಿಡಿಸಿ ಹೇಳಿದೆ. ವೀರಭದ್ರಪ್ಪನವರು ತಟ್ಟೆಯ ಮೇಲಿನ ಕೈ ತೆಗೆಯಲಿಲ್ಲ. ನನಗೆ ರೇಗಿಹೋಯಿತು. ಎದ್ದು ನಿಂತೆ.

“ಈ ಲೆಕ್ಕ ನನ್ನ ಕಾಲಕ್ಕ ಮುಗಿಯಲಿಕ್ಕಿಲ್ರಿ! ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಮುಗಿಯಲಿಕ್ಕಿಲ್ಲ!”

ಸೋದರಮಾವ ನನ್ನ ಅಂಗಿ ಜಗ್ಗಿದ. ಕೆಟ್ಟೆ, ಸಂಬಂಧ ಮುರಿಯಿತು ಎಂದುಕೊಂಡೆ.

ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶರಣಮ್ಮ ಮಾತಾಡಿದಳು. “ಅಪ್ಪಾ, ಅವ್ರು ಖರೇನ ಹೇಳಾಕತ್ಯಾರ. ಆದರ ಮೊದಲು ನಿನಗ ಮೊಮ್ಮಕ್ಕಳು ಆಗಬೇಕಲ್ಲ? ಆ ತಾಟು ಅವ್ರ ಕಡಿ ಸರಸು.”

ಮನೆಯವರೆಲ್ಲ ನಕ್ಕರು. ವೀರಭದ್ರಪ್ಪನವರು ನಗಲಿಲ್ಲ, ತಟ್ಟೆ ಸರಿಸಿದರು.