ಟೇಪಕ್ಕನ ಜೇಬಿನಲ್ಲಿ ನಲವತ್ಮೂರು ಜನ

ಪುಟ್ಟಿಯ ಬೆನ್ನ ಹಿಂದೆ ಸ್ಟೀಲ್ ತಟ್ಟೆ ನನ್ನ ಕೈಜಾರಿ ಬಿತ್ತು. ನಾನು ಬೆಚ್ಚಿಬಿದ್ದೆ, ಎದುರು ಮನೆಯ ನಾಯಿ ಬೊಗಳಿತು, ಸ್ನಾನದ ಮನೆಯಿಂದ ಗಂಡ ಏನಾಯಿತೆಂದು ಕೂಗಿ ಕೇಳಿದರು. ದಪ್ಪ ಸ್ಪಂಜಿನ ಚಾಪೆಯ ಮೇಲೆ ಕೂತಿದ್ದ ಪುಟ್ಟಿ ಮಾತ್ರ, ಸಣ್ಣ ಡಬ್ಬಿಯೊಳಗೆ ದೊಡ್ಡ ಡಬ್ಬಿಯನ್ನು ತುರುಕುವ ತನ್ನ ಕೆಲಸದಿಂದ ತಲೆ ಎತ್ತಲಿಲ್ಲ. ಅವಳಿಗೆ ಹದಿನಾಲ್ಕು ತಿಂಗಳು.

ತಲೆಯೊಳಗೆ ಮೊದಲೇ ಕೂತಿದ್ದ ಹುಳ ಅಂದು ಎದ್ದು ಓಡಾಡತೊಡಗಿತು. ಮಗುವಿಗೆ ಕಿವಿ ಕೇಳುತ್ತದೋ ಇಲ್ಲವೋ? ಪರದೆಯ ಹಿಂದೆ ನಿಂತು ಚಪ್ಪಾಳೆ ತಟ್ಟಿದೆ, ಬೀಗದ ಕೈ ಗೊಂಚಲು ಕುಲುಕಿದೆ. ಒಮ್ಮೆ ತಿರುಗಿದಳು, ಆದರೆ ಗೋಡೆಯ ಮೇಲೆ ನನ್ನ ನೆರಳು ಬಿದ್ದಿತ್ತು. ಹಾಗಾಗಿ ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬುದು ಇನ್ನೊಂದು ಹುಳವಾಯಿತು. ಗಂಡನಿಗೆ ಹೇಳಿದೆ. "ಅವಳು ಬ್ಯುಸಿ ಇದಾಳೆ, ಬಿಡೇ. ನೀನು ಕರೆದಾಗ ನಾನು ಮಾತ್ರ ತಿರುಗ್ತೀನಾ?" ಎಂದರು. ಇದನ್ನು ಅವರು ಸಮಾಧಾನವೆಂದೇ ತಿಳಿದಿದ್ದರು.

ಕಳೆದ ಸಲ ಇಂಜೆಕ್ಷನ್‌ಗೆ ಹೋದಾಗ ಮಕ್ಕಳ ಡಾಕ್ಟರು, ಮನಸ್ಸಿಗೆ ಅನುಮಾನ ಬಂದರೆ ಒಂದು ಫೋನ್ ಮಾಡಿ ಎಂದು ಕಿವಿಯ ಕ್ಲಿನಿಕ್ಕಿನ ಕಾರ್ಡು ಕೊಟ್ಟಿದ್ದರು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಟೊಮೆಟೊ ಆಕಾರದ ಅಯಸ್ಕಾಂತದಿಂದ ಅಂಟಿಸಿದ್ದೆ. ಹಾಲು ತೆಗೆಯುವಾಗ ಕಾರ್ಡು, ಇಡುವಾಗ ಕಾರ್ಡು. ಫೋನ್ ಮಾಡಲಿಲ್ಲ. ಬದಲಿಗೆ ಕಾರ್ಡಿನ ಫೋಟೊ ತೆಗೆದು, ಈ ಕ್ಲಿನಿಕ್ ಯಾರಿಗಾದರೂ ಗೊತ್ತೇ ಎಂದು ಕೇಳಿ ಜೇಬಿಗೆ ಹಾಕಿದೆ. ಇಪ್ಪತ್ತೆರಡು ಉತ್ತರ ಬಂದವು. ಇಪ್ಪತ್ತೆರಡೂ ಅಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ ಎಂಬುದರ ಬಗ್ಗೆ.

ಜೇಬು ಎಂದರೆ ನನ್ನ ಗಂಡನ ಅಕ್ಕ ನಡೆಸುವ ಸೋಷಿಯಲ್ ನೆಟ್‌ವರ್ಕ್. ಲೋಕವೆಲ್ಲ ಬಳಸುವ ದೊಡ್ಡ ಜಾಲಗಳ ಹಾಗೆಯೇ ಇಲ್ಲಿಯೂ ನಾಲ್ಕು ಸಾಲು ಬರೆದು ಹಾಕುವುದು, ಓದಿದವರು ನಾಲ್ಕು ಸಾಲು ಉತ್ತರಿಸುವುದು, ಆಮೇಲೆ ಮುಖ ಊದಿಸಿಕೊಳ್ಳುವುದು. ವ್ಯತ್ಯಾಸ ಇಷ್ಟೇ: ಇದರ ಮಾಲೀಕರು, ಎಂಜಿನಿಯರು, ಪೊಲೀಸು, ಜಡ್ಜು ಎಲ್ಲ ಒಬ್ಬರೇ, ಮತ್ತು ಅವರು ಹಗಲೆಲ್ಲ ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತಾರೆ. ಕುತ್ತಿಗೆಯಿಂದ ಅಳತೆಯ ಟೇಪು ಇಳಿದದ್ದನ್ನು ಕಂಡವರಿಲ್ಲ. ಬೀದಿಗೆಲ್ಲ ಅವರು ಟೇಪಕ್ಕ.

ಹದಿನೆಂಟನೇ ವಯಸ್ಸಿಗೆ ಸಿದ್ಧ ಉಡುಪಿನ ಕಾರ್ಖಾನೆ ಸೇರಿ ಹನ್ನೊಂದು ವರ್ಷ ಅವರು ಹೊಲಿದದ್ದು ಅಂಗಿಯ ಎಡತೋಳು. ಬರೀ ಎಡತೋಳು. ಬಲತೋಳಿನವಳು ಮೂರು ಸಾಲು ಆಚೆ ಕೂರುತ್ತಿದ್ದಳಂತೆ. ಅವಳ ಬೆನ್ನು ಮಾತ್ರ ಪರಿಚಯ. ಪಕ್ಕದ ಮಿಷನ್ನಿನವಳಿಗೆ ಕಿವಿ ಕೇಳುತ್ತಿರಲಿಲ್ಲವಾದ್ದರಿಂದ ಏನಾದರೂ ಹೇಳಬೇಕಾದಾಗ ಮೇಜಿಗೆ ಎರಡು ಸಲ ತಟ್ಟುತ್ತಿದ್ದರು, ಅವಳು ತಿರುಗುತ್ತಿದ್ದಳು. ಈಗಲೂ ಟೇಪಕ್ಕ ಯಾರನ್ನೂ ಕೂಗಿ ಕರೆಯುವುದಿಲ್ಲ. ಹತ್ತಿರದ ಮೇಜು, ಬಾಗಿಲು, ಕೆಲವೊಮ್ಮೆ ತಮ್ಮನ ಬೆನ್ನು, ಯಾವುದು ಸಿಕ್ಕಿದರೆ ಅದಕ್ಕೆ ಎರಡು ಸಲ ತಟ್ಟುತ್ತಾರೆ. ಇದೆಲ್ಲ ನನಗೆ ಮದುವೆಯಾದ ವಾರದಿಂದಲೇ ಗೊತ್ತು. ಗೊತ್ತಿದ್ದೂ ಉಪಯೋಗಕ್ಕೆ ಬರಲಿಲ್ಲ.

ಕಾರ್ಖಾನೆ ಬಿಟ್ಟ ಮೇಲೆ ಎಂಟಡಿ ಅಗಲ, ಹತ್ತಡಿ ಉದ್ದದ ಅಂಗಡಿ ಹಿಡಿದು ಆಲ್ಟರೇಷನ್ ಶುರುಮಾಡಿದರು. ಹೊಸದು ಹೊಲಿಯುವುದಿಲ್ಲ, ಹೊಲಿದದ್ದನ್ನು ಸರಿಮಾಡುವುದಷ್ಟೇ. ಆ ಅಂಗಡಿಗೆ ಒಬ್ಬ ಸಾಫ್ಟ್‌ವೇರ್ ಸಾಹೇಬರು ಮೂರು ತಿಂಗಳಿಗೊಮ್ಮೆ ಪ್ಯಾಂಟಿನ ಸೊಂಟ ಬಿಡಿಸಿಕೊಳ್ಳಲು ಬರುತ್ತಿದ್ದರು. ಕಾಯುವ ಹೊತ್ತಿನಲ್ಲಿ ಅವರೊಮ್ಮೆ, ದೊಡ್ಡ ಜಾಲಗಳ ಹಂಗಿಲ್ಲದೆ ಯಾರು ಬೇಕಾದರೂ ತಮ್ಮದೇ ಜಾಲ ಕಟ್ಟಿಕೊಳ್ಳಬಹುದು, ಅದರ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಬೇಕಾದ ಹಾಗೆ ಬದಲಾಯಿಸಲೂಬಹುದು ಎಂದರು. ಟೇಪಕ್ಕನ ಮಿಷನ್ನು ನಿಂತಿತು.

"ಅಂದ್ರೆ ರೆಡಿಮೇಡ್ ತಗೊಂಡು ಆಲ್ಟರ್ ಮಾಡೋದು," ಎಂದರು.

ಸಾಹೇಬರು ಹೌದೆಂದರು. ಮುಂದಿನ ಪ್ರತಿ ಭೇಟಿಗೂ ಒಂದೊಂದು ಪಾಠ. ಅವರ ಸೊಂಟ ನಾಲ್ಕು ಇಂಚು ಹಿಗ್ಗುವಷ್ಟರಲ್ಲಿ ಇವರಿಗೆ ಸರ್ವರ್ ನಡೆಸಲು ಬಂತು.

ಮುಚ್ಚಿಹೋದ ಟೈಪಿಂಗ್ ಶಾಲೆಯಿಂದ ತಂದ ಹಳೇ ಕಂಪ್ಯೂಟರ್ ಕತ್ತರಿ ಮೇಜಿನ ಕೆಳಗೆ ಕೂತಿತು. ಅದರ ಫ್ಯಾನಿಗೆ ನೂಲಿನ ಧೂಳು ತುಂಬಿ, ವಾರಕ್ಕೊಮ್ಮೆ ಹಳೇ ಟೂತ್‌ಬ್ರಷ್‌ನಿಂದ ಉಜ್ಜಬೇಕು. ಇಸ್ತ್ರಿಪೆಟ್ಟಿಗೆ ಮತ್ತು ಸರ್ವರ್ ಒಟ್ಟಿಗೆ ಉರಿದರೆ ಫ್ಯೂಸ್ ಹಾರುವುದರಿಂದ ದಿನಕ್ಕೆರಡು ಸಲ ಜೇಬು ಬಂದ್. "ಇಸ್ತ್ರಿ ನಡೆಯುತ್ತಿದೆ, ತಾಳಿ" ಎಂದು ಬೋರ್ಡು ಬರುತ್ತದೆ. ಆ ಅರ್ಧ ಗಂಟೆಯಲ್ಲಿ ಸದಸ್ಯರು ಒಬ್ಬರಿಗೊಬ್ಬರು ಬೈಯಲು ಬೇರೆ ದಾರಿಯಿಲ್ಲದೆ ಬಾಲ್ಕನಿಗೆ ಬಂದು ನಿಲ್ಲುತ್ತಾರೆ.

ಆಲ್ಟರೇಷನ್ ಅಲ್ಲಿಗೆ ಮುಗಿಯಲಿಲ್ಲ. ಬರೆದದ್ದಕ್ಕೆ ಪೋಸ್ಟ್ ಎನ್ನುವುದನ್ನು ತೆಗೆದು ತುಂಡು ಎಂದು ಮಾಡಿದರು. ಅಳಿಸುವುದಕ್ಕೆ ಬಿಚ್ಚು. ಲೈಕ್ ಬದಲು ಹೂಂ. ಊಹೂಂ ಕೂಡ ಬೇಕೆಂದು ಹದಿನೇಳು ಜನ ಅರ್ಜಿ ಹಾಕಿದರು. ಊಹೂಂ ಅನ್ನುವವರು ಅಂಗಡಿಗೆ ಬಂದು ನನ್ನ ಮುಖ ನೋಡಿ ಅನ್ನಲಿ ಎಂದು ಟೇಪಕ್ಕ ತಿಳಿಸಿದ ಮೇಲೆ ಅರ್ಜಿ ತಾನಾಗಿ ಬಿಚ್ಚಿಕೊಂಡಿತು.

ಎಲ್ಲಕ್ಕಿಂತ ದೊಡ್ಡ ಗಲಾಟೆ ಅಳತೆಯದು. ಬೇರೆ ಕಡೆ ಎಲ್ಲರಿಗೂ ಒಂದೇ ಅಕ್ಷರಮಿತಿ. ಇಲ್ಲಿ ತಲೆಗೊಂದು. ಸೊಂಟ, ತೋಳು, ಕಾಲಿನ ಉದ್ದ ಬರೆಯುವ ಪುಸ್ತಕದಲ್ಲಿಯೇ ಪಕ್ಕದ ಕಾಲಮ್ಮಿನಲ್ಲಿ ಅಕ್ಷರ. ಕಸದ ಗಾಡಿಯ ಬಗ್ಗೆಯೇ ಬರೆಯುವ ರಿಟೈರ್ಡ್ ಡ್ರಾಯಿಂಗ್ ಮೇಷ್ಟ್ರಿಗೆ ಇನ್ನೂರು, ಮನೆಯಲ್ಲಿ ಅವರ ಮಾತನ್ನು ಯಾರೂ ಕೇಳುವುದಿಲ್ಲವೆಂದು. ಸ್ವಂತ ತಾಯಿಗೆ, ಅಂದರೆ ನನ್ನ ಅತ್ತೆಗೆ, ನಲವತ್ತು. ಹೆತ್ತ ಮಗಳೇ ಬಾಯಿ ಹೊಲಿದಳು ಎಂದು ಅತ್ತೆ ಒಂಬತ್ತು ತುಂಡುಗಳಲ್ಲಿ, ಒಂದೊಂದಕ್ಕೂ ನಂಬರು ಹಾಕಿ, ದೂರಿದರು. ನನಗೆ ಐನೂರು, ಇಡೀ ಜೇಬಿಗೇ ಹೆಚ್ಚು. ಯಾಕೆಂದು ಕೇಳಿದ್ದಕ್ಕೆ, "ನಿನ್ನ ಹೆದರಿಕೆಗೆ ಬಟ್ಟೆ ಜಾಸ್ತಿ ಬೇಕು ಕಣೇ," ಎಂದಿದ್ದರು. ನಾನು ಆ ಐನೂರನ್ನು ಒಂದಕ್ಷರವೂ ಪೋಲು ಮಾಡದೆ ಬಳಸಿದ್ದೇನೆ. ಪುಟ್ಟಿಯ ಸೀನು, ಬಿಕ್ಕಳಿಕೆ, ಉಗುರಿನ ಬಣ್ಣ ಎಲ್ಲವೂ ಜೇಬಿನಲ್ಲಿವೆ.

ಜೇಬಿನಲ್ಲಿ ಕೈ ಎತ್ತಿ ಎಂಬುದೊಂದಿದೆ. ಯಾರು ಬೇಕಾದರೂ ಪ್ರಶ್ನೆ ಹಾಕಿ ಮತಕ್ಕಿಡಬಹುದು. ಕಾಂಪೌಂಡಿನ ಗೇಟಿಗೆ ಹಸಿರು ಬಳಿಯಬೇಕೋ ಕಂದು ಬಳಿಯಬೇಕೋ ಎಂಬ ಮತದಾನವಾದ ಮೇಲೆ ಎರಡು ಮನೆಯವರು ಮೆಟ್ಟಿಲಲ್ಲಿ ಮಾತು ಬಿಟ್ಟಿದ್ದರಿಂದ, ಟೇಪಕ್ಕ ಮತಗಳನ್ನು ಗುಟ್ಟು ಮಾಡಿ, ಅಂಗಡಿಯ ಗೋಡೆಗೆ ಕೈಬರಹದ ಒಂದು ನಿಯಮ ಅಂಟಿಸಿದರು: "ಯಾರ ಮತ ಯಾವುದಕ್ಕೆ ಎಂದು ಯಾರೂ ನೋಡುವಂತಿಲ್ಲ. ಅಡ್ಮಿನ್ ಕೂಡ."

ತಟ್ಟೆ ಬಿದ್ದು ಎಂಟನೇ ದಿನ ನಾನು ಪ್ರಶ್ನೆ ಹಾಕಿದೆ. ತಟ್ಟೆ, ಬೀಗದ ಕೈ, ನೆರಳು ಎಲ್ಲವನ್ನೂ ಐನೂರು ಅಕ್ಷರದಲ್ಲಿ ವಿವರಿಸಿ, ಕೊನೆಗೆ: ಪುಟ್ಟಿಗೆ ಕಿವಿ ಕೇಳುತ್ತದೆ, ಕೇಳುವುದಿಲ್ಲ. ಕೈ ಎತ್ತಿ.

ಈಗ ಬರೆಯುವಾಗ ಬೆವರು ಬರುತ್ತಿದೆ, ಅಂದು ಬರಲಿಲ್ಲ. ಗೇಟಿನ ಬಣ್ಣಕ್ಕಿಂತ ಹೆಚ್ಚು ಜನ ಭಾಗವಹಿಸಿದರು. ಪುಟ್ಟಿಯನ್ನು ಒಮ್ಮೆಯೂ ನೋಡದವರು ಅವಳ ಫೋಟೊ ಕೇಳಿದರು, ಕಿವಿ ಕಾಣುವಂಥದ್ದು. ಔಷಧಿ ಅಂಗಡಿಯವರು ತಮ್ಮ ಅಕ್ಕನ ಮಗ ಮೂರು ವರ್ಷ ಮಾತಾಡದೆ ಈಗ ಹರಾಜು ಕೂಗುವ ಕೆಲಸದಲ್ಲಿದ್ದಾನೆ ಎಂದು ಬರೆದರು. ಮೇಷ್ಟ್ರು, ಕಸದ ಗಾಡಿಯ ಸದ್ದಿಗೆ ಎಲ್ಲರ ಕಿವಿಯೂ ಹೋಗಲಿದೆ, ಮಗು ಮೊದಲನೆಯದಷ್ಟೇ ಎಂದರು. ಅತ್ತೆ ತಮ್ಮ ನಲವತ್ತು ಅಕ್ಷರದಲ್ಲಿ, "ನಮ್ಮ ವಂಶವೇ ನಿಧಾನ. ಸೊಸೆಗೆ ಅವಸರ." ಎಂದರು. ಅದಕ್ಕೆ ಹತ್ತೊಂಬತ್ತು ಹೂಂ. ನಾನೂ ಒಂದು ಮತ ಹಾಕಿದೆ.

ಸಂಜೆ ಫಲಿತಾಂಶ ಬಂತು. ಕೇಳುತ್ತದೆ: ಮೂವತ್ತೊಂದು. ಕೇಳುವುದಿಲ್ಲ: ಏಳು. ಐದು ಜನ ತಟಸ್ಥರು. ಗಂಡ ಫೋನನ್ನು ಮುಖದ ಹತ್ತಿರ ಹಿಡಿದು ಓದಿ, ಭಾರೀ ಬಹುಮತ ಎಂದರು. ನನಗೂ ಎದೆ ಹಗುರಾಗಿ ಎರಡು ಸಲ ಅನ್ನ ಹಾಕಿಸಿಕೊಂಡೆ. ಬೆಳಿಗ್ಗೆ ಏಳುವ ಹೊತ್ತಿಗೆ ಹುಳವೂ ಎದ್ದಿತ್ತು. ಒಂದು ಕಿವಿ ಕೇಳಿ ಇನ್ನೊಂದು ಕೇಳದಿದ್ದರೆ? ಎಡಗಿವಿಗೊಂದು, ಬಲಗಿವಿಗೊಂದು ಪ್ರತ್ಯೇಕ ಮತದಾನ ಇಡಬೇಕೆಂದು ಜೇಬು ತೆರೆದೆ.

ಬರೆಯುವ ಚೌಕ ಇರಲಿಲ್ಲ. ಅದಿದ್ದ ಜಾಗದಲ್ಲಿ ಒಂದು ದೊಡ್ಡ ನೀಲಿ ಗುಂಡಿ, ನಿಜವಾದ ಕೋಟಿನ ಗುಂಡಿಯ ಹಾಗೆ, ನಾಲ್ಕು ತೂತು ಸಮೇತ. ಒತ್ತಿದೆ. ಫೋನು ತೆರೆದುಕೊಂಡು ಒಂದು ನಂಬರು ಬಂತು. ಫ್ರಿಜ್ಜಿನ ಮೇಲಿನ ನಂಬರು.

ಬೇರೆಯವರಿಗೆ ಎಲ್ಲ ಎಂದಿನಂತೆಯೇ ಇತ್ತು. ಗಂಡನ ಫೋನಿನಲ್ಲಿ ಚೌಕವಿತ್ತು. ಅತ್ತೆ ಆಗಲೇ ಮೂರು ತುಂಡು ಹಾಕಿದ್ದರು. ನನ್ನೊಬ್ಬಳಿಗೇ ಮಾಡಿದ ಆಲ್ಟರೇಷನ್. ಪುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು, ಚಪ್ಪಲಿ ಅದಲುಬದಲಾದದ್ದೂ ತಿಳಿಯದೆ, ಅಂಗಡಿಗೆ ಹೋದೆ.

ಟೇಪಕ್ಕ ಜೀನ್ಸ್ ಒಂದರ ಕಾಲು ಮಡಿಸಿ ಹೊಲಿಯುತ್ತಿದ್ದರು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದದ್ದನ್ನೆಲ್ಲ ಹೇಳಿದೆ: ನಾನೂ ಸದಸ್ಯೆ, ನನಗೂ ಹಕ್ಕಿದೆ, ಮನೆಯವಳೆಂದು ಸದರ ಮಾಡಿಕೊಂಡಿದ್ದೀರಿ. ಅವರು ಪುಟ್ಟಿಯನ್ನು ಕೈಚಾಚಿ ತೆಗೆದುಕೊಂಡು, ಮಿಷನ್ನಿಗೆ ಅಂಟಿಕೊಂಡಿದ್ದ ಕತ್ತರಿ ಮೇಜಿನ ಮೇಲೆ, ಮಿಷನ್ನಿಗೆ ಬೆನ್ನು ಮಾಡಿ ಕೂರಿಸಿ, ಪೆಡಲ್ ಒತ್ತಿದರು. ದಪ್ಪ ಬಟ್ಟೆಗೆ ಆ ಮಿಷನ್ನು ಮಾಡುವ ಸದ್ದಿಗೆ ಬೀದಿಯ ಆಚೆಯವರೂ ಮಾತು ನಿಲ್ಲಿಸುತ್ತಾರೆ.

ಪುಟ್ಟಿ ಹಿಂದೆ ತಿರುಗಲಿಲ್ಲ. ಕೆಳಗೆ ನೋಡಿದಳು. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಊರಿ, ಅದುರುವ ಹಲಗೆಯನ್ನು ನೋಡುತ್ತ ನಕ್ಕಳು. ಪೆಡಲ್ ಬಿಟ್ಟಾಗ ನಗು ನಿಂತಿತು. ಮತ್ತೆ ಒತ್ತಿದಾಗ ಮತ್ತೆ ಅಂಗೈ, ಮತ್ತೆ ನಗು.

"ಒಂದು ತಿಂಗಳಿಂದ ನೋಡ್ತಿದೀನಿ," ಎಂದರು ಟೇಪಕ್ಕ. "ನನ್ನ ಪಕ್ಕದ ಮಿಷನ್ನಿನವಳೂ ಹೀಗೇ. ಮೇಜು ಹೇಳಿದ್ದನ್ನ ಕೇಳ್ತಿದ್ದಳು."

"ಹಾಗಾದ್ರೆ ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಅದನ್ನೂ ಮತಕ್ಕೆ ಹಾಕ್ತಿದ್ದೆ."

ನಾನು ಬಹುಮತದ ಮಾತೆತ್ತಿದೆ. ಮೂವತ್ತೊಂದು ಜನಕ್ಕಿಂತ ನೀವೊಬ್ಬರು ಹೆಚ್ಚೇ ಎಂದು ಕೇಳಿದಾಗ ನನ್ನ ದನಿ ನನಗೇ ಅತ್ತೆಯ ದನಿಯಂತೆ ಕೇಳಿಸಿತು. ಅವರು ಜೀನ್ಸಿನ ದಾರ ಕತ್ತರಿಸಿ, ಕತ್ತರಿಯನ್ನು ಪುಟ್ಟಿಯ ಕೈಗೆ ಸಿಗದಷ್ಟು ದೂರ ಸರಿಸಿದರು.

"ಆ ಏಳರಲ್ಲಿ ನಾನೊಬ್ಬಳು. ಮತ್ತೆ ನೀನೊಬ್ಬಳು."

ಗೋಡೆಯ ಮೇಲಿನ ನಿಯಮದ ಕಡೆ ಕಣ್ಣು ಹೋಯಿತು. ಅವರೂ ನೋಡಿದರು.

"ಹೌದು, ನೋಡಿದೆ. ನಾನೇ ಬರೆದದ್ದು, ನಾನೇ ಮುರಿದೆ. ಸಂಜೆ ಎಲ್ಲರಿಗೂ ಹೇಳ್ತೀನಿ. ನಾಲ್ಕು ಜನ ಬಿಟ್ಟು ಹೋಗ್ತಾರೆ, ಹೋಗಲಿ. ಗೊತ್ತಿದ್ದೂ ಊರಿನವರ ಕೈಲಿ ಇಲ್ಲ ಅನ್ನಿಸ್ಕೊಳ್ತಿದೀಯಲ್ಲ, ಅದನ್ನ ಎಷ್ಟು ದಿನ ನೋಡಲಿ?"

ಸ್ಟೂಲಿನ ಮೇಲೆ ಕುಳಿತೆ. ಅವರು ಎದ್ದು ಅಂಗಡಿಯ ಬಾಗಿಲು ಅರ್ಧ ಎಳೆದರು, ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಹಾಕಲು ಕೈ ಎತ್ತಿದವರು ಏನೋ ನೆನಪಾಗಿ ಹಾಕಲಿಲ್ಲ. ನನ್ನ ಫೋನಿನಲ್ಲಿ ನೀಲಿ ಗುಂಡಿ ಇನ್ನೂ ಇತ್ತು. ಒತ್ತಿದೆ.

ಮೂರು ರಿಂಗಿಗೇ ಎತ್ತಿದರು. ಹೆಂಗಸಿನ ದನಿ, ಸ್ವಲ್ಪ ನೆಗಡಿ. ನಾನು ತಟ್ಟೆಯಿಂದ ಶುರುಮಾಡಿದೆ; ಆಕೆ ತಡೆದು ಮಗುವಿನ ವಯಸ್ಸು ಕೇಳಿದರು. ಹದಿನಾಲ್ಕು ತಿಂಗಳು ಎಂದೆ.

"ಅನುಮಾನ ಯಾವಾಗಿಂದ?"

ಪುಟ್ಟಿ ಮೇಜಿನ ಮೇಲೆ ಅಂಗೈ ಊರಿಕೊಂಡು, ಅದು ಮತ್ತೆ ಯಾವಾಗ ಅದುರುವುದೋ ಎಂದು ಕಾಯುತ್ತಿದ್ದಳು.

"ಆರು ತಿಂಗಳ ಮಗು ಇದ್ದಾಗಿಂದ," ಎಂದೆ.

ಬರೆದುಕೊಳ್ಳುವ ಸದ್ದು ಕೇಳಿಸಿತು. ನಾಳೆ ಹತ್ತು ಗಂಟೆಗೆ ಬನ್ನಿ ಎಂದರು. ಮಗುವಿಗೆ ಹೊಟ್ಟೆ ತುಂಬಿರಲಿ, ನಿದ್ದೆ ಮಾಡಿದರೂ ಒಳ್ಳೆಯದೇ ಎಂದರು. ಆಮೇಲೆ ನಾನು ಕೇಳದೆಯೇ, ಗಾಡಿ ನಿಲ್ಲಿಸಲು ಹಿಂದುಗಡೆ ಬೇಕಾದಷ್ಟು ಜಾಗವಿದೆ ಎಂದೂ ಹೇಳಿದರು.