ಸೊಪ್ಪಿನ ರಸ

ಟೇಕಲ್ ಕಡೆಯ ಚನ್ನರಾಯಪ್ಪನಿಗೆ ಕಳೆನಾಶಕದ ಹೆಸರೆತ್ತಿದರೆ ಮೈಯೆಲ್ಲ ಉರಿ. ಉರಿಯದೆ ಇನ್ನೇನು? ಪಕ್ಕದ ಹೊಲದವರು ಹೊಡೆದದ್ದು ಗಾಳಿಗೆ ಬಂದು ಹಿಪ್ಪುನೇರಳೆಯ ಮೇಲೆ ಕೂತು, ಆ ಸೊಪ್ಪು ತಿಂದ ರೇಷ್ಮೆಹುಳುಗಳು ತಟ್ಟೆ ತಟ್ಟೆಯೇ ಸತ್ತಿದ್ದವು. ಕಳೆ ಸಾಯಬೇಕು, ಬೇರೆ ಜೀವ ಸಾಯಬಾರದು, ಅಂಥದ್ದೊಂದನ್ನು ತಾನೇ ಮಾಡುತ್ತೇನೆಂದು ಹಟ ಹಿಡಿದ.

ನೀಲಗಿರಿ ತೋಪಿನಡಿ ಹುಲ್ಲು ಹುಟ್ಟುವುದಿಲ್ಲ ಎಂಬುದು ನಮ್ಮ ಸೀಮೆಯ ಮಕ್ಕಳಿಗೂ ಗೊತ್ತು. ಅದರ ಎಲೆ ಕೊಳೆಸಿ, ಕುದಿಸಿ, ಸೋಸಿ ಹೊಡೆದ. ಕಳೆ ಜಗ್ಗಲಿಲ್ಲ. “ಮನೆಯೆಲ್ಲ ನೆಗಡಿ ಎಣ್ಣೆ ವಾಸ್ನೆ ಮಾಡ್ಬಿಟ್ರಿ” ಎಂದು ಹೆಂಡತಿ ಭಾರತಮ್ಮ ಬೈದಳು. ವರ್ಷಗಟ್ಟಲೆ ಹೆಣಗಿ, ಈ ಮುಂಗಾರಿಗೆ ದತ್ತೂರಿ ಎಂದೂ ಕರೆಯುವ ಉಮ್ಮತ್ತಿಯ ಕಾಯಿಯನ್ನೂ ಅರೆದು ಸೇರಿಸಿದ. ಕಳೆ ಕರಟಿತು. ಉಮ್ಮತ್ತಿಯ ಗುಟ್ಟನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ. ಕದ್ದಾರೆಂಬ ಭಯ, ಗಿಡದ್ದೇ ತಾನೆ ಎಂಬ ಸಸಾರ.

ಕಳೆ ಕೀಳುವ ಆಂಜಿನಮ್ಮನಿಗೆ ಕಳೆಯೆಂದರೆ ಅಡುಗೆಯೂ ಹೌದು. ಕಿತ್ತದ್ದರಲ್ಲಿ ಅಣ್ಣೆಸೊಪ್ಪು, ಗುಣಗನ ಸೊಪ್ಪು ಆರಿಸಿ ಮಡಿಲಿಗೆ ಹಾಕಿಕೊಂಡರೆ ಸಂಜೆಗೆ ಬೆರಕೆ ಸೊಪ್ಪಿನ ಬಸ್ಸಾರು. ರಸ ಹೊಡೆದ ಬೆಳಿಗ್ಗೆಯೇ ಬಂದು ಬದುವಿನ ಮೇಲೆ ನಿಂತಳು.

“ಏನ್ಲಾ ಚನ್ರಾಯ, ಔಷ್ಧಿ ಹೊಡ್ದಿದ್ದೀಯಾ? ಒಂದಿಷ್ಟು ಸೊಪ್ಪು ಕಿತ್ಕೊಳ್ಳೋಣಾಂತ ಬಂದೆ.”

“ಸೊಪ್ಪಿನ ರಸ ಕಣಕ್ಕ, ವಿಷ ಅಲ್ಲ. ತೊಳ್ದು ಮಾಡ್ಕೋ ಹೋಗು.”

ಆ ನಾಲಿಗೆಗೆ ಬರೆ ಎಳೆಯಬೇಕಿತ್ತು. ಅವಳು ತೊಳೆದಳು, ಪಾಪ. ಆದರೆ ಬಸ್ಸಾರೆಂದರೆ ಸೊಪ್ಪು ಬೆಂದ ನೀರನ್ನೇ ಬಸಿದು ಸಾರು ಕಾಯಿಸುವುದು. ಸೊಪ್ಪು ಬಿಟ್ಟದ್ದೆಲ್ಲ ಪಾತ್ರೆಯಲ್ಲೇ ಉಳಿಯಿತು.

ಆ ರಾತ್ರಿ ವೇಮಗಲ್ ಕಾರ್ಖಾನೆಯಿಂದ ಮಗ ಮುನೇಶ್ ಬಂದಾಗ ಅವಳು ಗಾಳಿಯಲ್ಲಿ ಏನನ್ನೋ ಹಿಡಿಯುತ್ತ ಬಡಬಡಿಸುತ್ತಿದ್ದಳು. ಸುದ್ದಿ ಕೇಳಿ ಚನ್ನರಾಯಪ್ಪನೂ ಆಟೋ ಹತ್ತಿದ. ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರು, ಸೊಪ್ಪು ಕಿತ್ತ ಹೊಲಕ್ಕೆ ಏನು ಹೊಡೆದಿದ್ದರೆಂದು ಕೇಳಿದರು.

“ಬರೀ ನೀಲಗಿರಿ ಎಲೆ ಸಾರ್,” ಎಂದ ಚನ್ನರಾಯಪ್ಪ.

ಉಮ್ಮತ್ತಿ ಎಂಬ ಮಾತು ನಾಲಿಗೆಯ ತುದಿಗೆ ಬಂದು ಹಿಂದೆ ಸರಿಯಿತು. ಹೇಳಿದರೆ ಇಷ್ಟು ವರ್ಷದ ದುಡಿಮೆ ಮಣ್ಣುಪಾಲು. ಅಕ್ಕ ಗಟ್ಟಿ ಜೀವ, ಬೆಳಗಾದರೆ ಎದ್ದು ಕೂರುತ್ತಾಳೆ ಎಂದುಕೊಂಡ. ಬೆಳಗಾಗುವ ಮೊದಲೇ ಅವಳು ತೀರಿಕೊಂಡಳು.

ಪಕ್ಕದ ಹೊಲದ ವಿಷವೇ ಗಾಳಿಗೆ ಬಂದಿರಬೇಕೆಂದು ಊರು ತೀರ್ಮಾನಿಸಿತು. ಚನ್ನರಾಯಪ್ಪ ಸುಮ್ಮನಿದ್ದ. ತಿಥಿ ಮುಗಿದ ಮೇಲೆ ಮುನೇಶ್ ಖಾಲಿ ಕ್ಯಾನು ಹಿಡಿದು ಅಂಗಳಕ್ಕೆ ಬಂದ.

“ಆ ಹಾಳು ವಿಷ ಅಮ್ಮನ್ನ ತಿಂದ್ಹಾಕ್ತು. ಇನ್ಮೇಲೆ ನಮ್ಮ ಹೊಲಕ್ಕೆ ನಿನ್ನ ರಸಾನೇ ಹೊಡೀತೀನಿ. ತುಂಬ್ಕೊಡಣ್ಣ.”

ಚನ್ನರಾಯಪ್ಪ ಕ್ಯಾನು ಈಸಿಕೊಂಡ. ರಸ ತುಂಬಿಟ್ಟ ಡ್ರಮ್ಮಿನವರೆಗೂ ಹೋದ. ಅಲ್ಲಿಂದ ಮುಂದೆ ಕೈ ಏಳಲಿಲ್ಲ.

“ಅದ್ರಲ್ಲಿ ಉಮ್ಮತ್ತಿ ಐತೆ ಮುನೇಶ,” ಎಂದ. “ಅಕ್ಕ ತಿಂದಿದ್ದು ಇದನ್ನೇ.”

ಮುನೇಶ್ ಕೂಗಾಡಲಿಲ್ಲ, ಕೈ ಎತ್ತಲಿಲ್ಲ. ಅವನ ಕೈಯಿಂದ ಖಾಲಿ ಕ್ಯಾನು ವಾಪಸು ತೆಗೆದುಕೊಂಡ.

“ಡಾಕ್ಟ್ರು ಕೇಳ್ದಾಗ ಅಮ್ಮ ಇನ್ನೂ ಬದ್ಕಿದ್ಲಲ್ಲಣ್ಣ,” ಎಂದ.